ಪಾನಮತ್ತ ಚಾಲನೆಯ ಪ್ರಕರಣಗಳು: ಠಾಣೆ ಮತ್ತು ನ್ಯಾಯಾಲಯದ ದಾಖಲೆಗಳನ್ನು ಅರಸುವ ಬಗೆ

1. ಪ್ರಸ್ತಾವನೆ

ಮದ್ಯಪಾನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಸರ್ಕಾರದ ಕಡೆಯಿಂದ ಬರೆದಿದ್ದಾರೆ. ಅಬಕಾರಿ ವರಮಾನ, ಪಾನನಿರೋಧದ ಶಾಸನಗಳು, ಶಾಸನಸಭೆಯ ಚರ್ಚೆಗಳು, ಸಮಿತಿಗಳ ವರದಿಗಳು ಇವೇ ಅವರ ಮುಖ್ಯ ಆಕರಗಳು. ಕುಡಿದು ಸಿಕ್ಕಿಬಿದ್ದ ಮನುಷ್ಯನು, ಅದರಲ್ಲಿಯೂ ಕುಡಿದು ಗಾಡಿ ನಡೆಸಿ ಸಿಕ್ಕಿಬಿದ್ದ ಚಾಲಕನು, ಈ ಆಕರಗಳಲ್ಲಿ ಒಂದು ಅಂಕಿಯಾಗಿ ಮಾತ್ರ ಉಳಿಯುತ್ತಾನೆ. ಅವನ ಹೆಸರು, ತಂದೆಯ ಹೆಸರು, ವಾಸಸ್ಥಳ, ಅವನು ತಪ್ಪೊಪ್ಪಿಕೊಂಡನೋ ಇಲ್ಲವೋ ಎಂಬುದು, ತೆತ್ತ ದಂಡ ಇವೆಲ್ಲ ಇರುವುದು ಠಾಣೆಯ ದಿನಚರಿಯಲ್ಲಿ ಮತ್ತು ಕೆಳಹಂತದ ಮ್ಯಾಜಿಸ್ಟ್ರೇಟರ ರಿಜಿಸ್ಟರಿನಲ್ಲಿ.

ಈ ದಾಖಲೆಗಳನ್ನು ಹುಡುಕಿಕೊಂಡು ಹೋದ ಸಂಶೋಧಕರು ಅನೇಕ ವೇಳೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ದಾಖಲೆ ಇಲ್ಲದಿರುವುದೇ ಇದಕ್ಕೆ ಯಾವಾಗಲೂ ಕಾರಣವಲ್ಲ. ಇಂದು ನಾವು ಬಳಸುವ 'ಕುಡಿದು ವಾಹನ ಚಲಾಯಿಸಿದ ಅಪರಾಧ' ಎಂಬ ಹೆಸರಿನಲ್ಲಿ ಅಂದಿನ ಗುಮಾಸ್ತನು ಏನನ್ನೂ ಬರೆದಿಟ್ಟಿಲ್ಲ. ಅವನು ಬರೆದುದು ಕಾಯಿದೆಯ ಕಲಮನ್ನು. ಆದ್ದರಿಂದ ಅಪರಾಧದ ಹೆಸರು ಹಿಡಿದು ಹುಡುಕದೆ, ಆಯಾ ಕಾಲದ ಕಲಮು, ಆಯಾ ಕಾಲದ ಕಚೇರಿ ಮತ್ತು ಆ ಕಚೇರಿಯಲ್ಲಿ ಹುಟ್ಟುವ ಕಾಗದದ ಹೆಸರು, ಈ ಮೂರನ್ನೂ ತಿಳಿದು ಹುಡುಕಬೇಕೆಂಬುದು ಪ್ರಸ್ತುತ ಲೇಖನದ ವಾದ. ಸಣ್ಣ ಪ್ರಕರಣದ ಕಡತವೇ ಎಲ್ಲಕ್ಕಿಂತ ಮೊದಲು ನಾಶಕ್ಕೆ ಗುರಿಯಾಗುವುದರಿಂದ ಈ ಕೆಲಸವನ್ನು ತಡಮಾಡುವಂತಿಲ್ಲ ಎಂಬ ಮಾತನ್ನೂ ಇದರೊಡನೆ ಸೇರಿಸಬೇಕಾಗಿದೆ.

ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿ ಸಂಶೋಧನೆ ನಡೆಸುತ್ತಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ಜಿಲ್ಲೆಗಳು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದುದರಿಂದ, ಆ ಜಿಲ್ಲೆಗಳ ಮೊಕದ್ದಮೆಗಳ ಮೇಲಿನ ಹಂತದ ಕಾಗದಗಳು ಈ ನಗರಗಳಿಗೇ ಬಂದು ಸೇರಿವೆ.

2. ಅಪರಾಧದ ಹೆಸರು ಬದಲಾದ ಕ್ರಮ

ಮೋಟಾರು ವಾಹನ ಬರುವುದಕ್ಕೆ ಮೊದಲು ಕುಡಿದು ಜಟಕಾ ಅಥವಾ ಎತ್ತಿನ ಗಾಡಿ ಹೊಡೆದವನನ್ನು ದಂಡಿಸಲು 1860ರ ಭಾರತ ದಂಡ ಸಂಹಿತೆಯಲ್ಲಿ ಎರಡು ಕಲಮುಗಳಿದ್ದವು. 279ನೆಯ ಕಲಮು ಸಾರ್ವಜನಿಕ ರಸ್ತೆಯಲ್ಲಿ ದುಡುಕಿನಿಂದ ಇಲ್ಲವೆ ಅಜಾಗರೂಕತೆಯಿಂದ ವಾಹನ ನಡೆಸುವುದನ್ನು ಕುರಿತದ್ದು. ಅದಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 510ನೆಯ ಕಲಮು ಅಮಲಿನಲ್ಲಿ ಸಾರ್ವಜನಿಕ ಸ್ಥಳಕ್ಕೆ ಬಂದು ಇತರರಿಗೆ ಕಿರುಕುಳವಾಗುವಂತೆ ವರ್ತಿಸುವುದನ್ನು ಕುರಿತದ್ದು. ಅದಕ್ಕೆ ಇಪ್ಪತ್ತನಾಲ್ಕು ಗಂಟೆಗಳವರೆಗಿನ ಸಾದಾ ಸೆರೆ, ಅಥವಾ ಹತ್ತು ರೂಪಾಯಿಯವರೆಗಿನ ದಂಡ, ಅಥವಾ ಎರಡೂ. ಮೊದಲನೆಯದರಲ್ಲಿ ಕುಡಿತದ ಮಾತಿಲ್ಲ, ಎರಡನೆಯದರಲ್ಲಿ ಚಾಲನೆಯ ಮಾತಿಲ್ಲ. ಕುಡಿದು ಗಾಡಿ ಹೊಡೆದವನು ಯಾವ ಕಲಮಿನ ಕೆಳಗೆ ಬರುತ್ತಾನೆ ಎಂಬುದು ಪೊಲೀಸರ ಆಯ್ಕೆಯನ್ನು ಅವಲಂಬಿಸಿತ್ತು.

ಇಲ್ಲಿ ಹೊಸಬರು ಎಡವುವ ಒಂದು ಸ್ಥಳವನ್ನು ಸೂಚಿಸಬೇಕು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ 510 ಎಂಬ ಸಂಖ್ಯೆಯ ಕಲಮಿತ್ತು. ಅದು ರಾಸಾಯನಿಕ ಪರೀಕ್ಷಕರ ವರದಿಯನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಬಗೆಯನ್ನು ಹೇಳುತ್ತಿತ್ತು. ಆದುದರಿಂದ ಹಳೆಯ ಕಾಗದದ ಅಂಚಿನಲ್ಲಿ ಬರಿಯ '510' ಎಂದಿದ್ದರೆ ಅದು ಅಪರಾಧದ ಸಂಖ್ಯೆಯೋ ಸಾಕ್ಷ್ಯದ ಸಂಖ್ಯೆಯೋ ಎಂಬುದನ್ನು ಸಂದರ್ಭದಿಂದಲೇ ನಿರ್ಧರಿಸಬೇಕಾಗುತ್ತದೆ.

ಕುಡಿತ ಮತ್ತು ಚಾಲನೆಗಳೆರಡೂ ಒಂದೇ ಕಲಮಿನಲ್ಲಿ ಸ್ಪಷ್ಟವಾಗಿ ಕೂಡಿಬಂದುದು 1939ರ ಮೋಟಾರು ವಾಹನ ಕಾಯಿದೆಯ 117ನೆಯ ಕಲಮಿನಲ್ಲಿ. ಆದರೆ ಅದರ ಮೂಲ ಮಾತನ್ನು ಗಮನಿಸಬೇಕು. ವಾಹನದ ಮೇಲೆ ತಕ್ಕ ಹತೋಟಿ ಇಟ್ಟುಕೊಳ್ಳಲಾರದಷ್ಟು ಮಟ್ಟಿಗೆ ಚಾಲಕನು ಮದ್ಯದ ಅಥವಾ ಮಾದಕ ವಸ್ತುವಿನ ಪ್ರಭಾವಕ್ಕೆ ಒಳಗಾಗಿದ್ದನೆಂದು ಫಿರ್ಯಾದಿ ಪಕ್ಷವು ರುಜುವಾತುಪಡಿಸಬೇಕಾಗಿತ್ತು. ಕುಡಿದಿದ್ದನೆಂದಷ್ಟೇ ತೋರಿಸಿದರೆ ಸಾಲದು. ಅಲ್ಲದೆ ಅದು ಬ್ರಿಟಿಷ್ ಇಂಡಿಯಾದ ಕಾಯಿದೆಯಾದುದರಿಂದ ಮೈಸೂರು, ಹೈದರಾಬಾದು ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ.

ಈಗ ಜಾರಿಯಲ್ಲಿರುವ 1988ರ ಕಾಯಿದೆಯು 1989ರ ಜುಲೈ 1ರಿಂದ ಅನ್ವಯಕ್ಕೆ ಬಂದಿತು. ಅದರ 185ನೆಯ ಕಲಮು ಮೊದಲು ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರವಿದ್ದರೂ ಅಪರಾಧವೆಂದು ಹೇಳಿತ್ತು. 1994ರ ತಿದ್ದುಪಡಿಯು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಮ್ ಎಂಬ ಮಿತಿಯನ್ನು ಇಟ್ಟು, ಉಸಿರಿನ ಪರೀಕ್ಷಾಯಂತ್ರದಿಂದ ಅದನ್ನು ಕಂಡುಹಿಡಿಯಬೇಕೆಂದು ವಿಧಿಸಿತು. ಮೊದಲ ಅಪರಾಧಕ್ಕೆ 2,000 ರೂಪಾಯಿಯವರೆಗೆ ಇದ್ದ ದಂಡವು 2019ರ ತಿದ್ದುಪಡಿಯಿಂದ 10,000 ರೂಪಾಯಿಗೆ ಏರಿತು. ಆರು ತಿಂಗಳವರೆಗಿನ ಸೆರೆಯ ಅವಕಾಶ ಹಾಗೆಯೇ ಉಳಿಯಿತು.

ಈ ಪಲ್ಲಟವು ದಾಖಲೆಯ ಸ್ವರೂಪವನ್ನೇ ಬದಲಿಸಿದೆ. 117ನೆಯ ಕಲಮಿನ ಕಾಲದ ಕಡತದಲ್ಲಿ ವೈದ್ಯರು ಚಾಲಕನ ನಡಿಗೆ, ಮಾತು, ಕಣ್ಣಿನ ಪಾಪೆ, ಬಾಯಿಯ ವಾಸನೆಗಳನ್ನು ಕುರಿತು ಬರೆದ ವಾಕ್ಯಗಳು ದೊರೆಯುತ್ತವೆ. ಈಗಿನ ಕಡತದ ಕೇಂದ್ರದಲ್ಲಿರುವುದು ಯಂತ್ರವು ಮುದ್ರಿಸಿಕೊಡುವ ಒಂದು ಅಂಕಿ.

3. ಪಾನನಿರೋಧದ ನೆರಳು ಮತ್ತು 1951ರ ಒಂದು ಮೊಕದ್ದಮೆ

ಕನ್ನಡ ಜಿಲ್ಲೆಗಳ ಮಟ್ಟಿಗೆ ಮೋಟಾರು ಕಾಯಿದೆಯಷ್ಟೇ ಮುಖ್ಯವಾದವು ಪಾನನಿರೋಧದ ಕಾಯಿದೆಗಳು. 1937ರ ಮದರಾಸು ಪಾನನಿರೋಧ ಕಾಯಿದೆಯು ಆ ವರ್ಷದ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಮೊದಲು ಜಾರಿಗೆ ಬಂದು, 1948ರಲ್ಲಿ ಇಡೀ ಪ್ರಾಂತಕ್ಕೆ ವಿಸ್ತರಿಸಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಅಂದು ಆ ಪ್ರಾಂತದಲ್ಲಿದ್ದವು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಿಗೆ 1949ರ ಮುಂಬಯಿ ಪಾನನಿರೋಧ ಕಾಯಿದೆ ಅನ್ವಯಿಸಿತು. ಆ ರಾಜ್ಯದಲ್ಲಿ 1950ರ ಏಪ್ರಿಲ್ 6ರಿಂದ ಸಂಪೂರ್ಣ ಪಾನನಿರೋಧ ಆಚರಣೆಗೆ ಬಂದಿತು.

ಈ ಕಾಯಿದೆಯ 66ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ಸೇವಿಸುವುದೇ ಅಪರಾಧ. ಹತೋಟಿ ತಪ್ಪಿತ್ತೆಂದು ತೋರಿಸುವ ಹೊರೆ ಇಲ್ಲಿ ಇರಲಿಲ್ಲ. ಆದುದರಿಂದ ವಾಹನ ನಡೆಸುತ್ತಿದ್ದ ವ್ಯಕ್ತಿಯ ಬಾಯಿಯಿಂದ ಮದ್ಯದ ವಾಸನೆ ಬಂದರೆ ಪೊಲೀಸರಿಗೆ 117ಕ್ಕಿಂತ 66 ಹತ್ತಿರದ ದಾರಿಯಾಗಿತ್ತು. ಇದಕ್ಕೆ ಬೆಹ್ರಾಮ್ ಖುರ್ಶೇದ್ ಪೇಸಿಕಾಕ ವಿರುದ್ಧ ಮುಂಬಯಿ ರಾಜ್ಯ ಎಂಬ ಪ್ರಸಿದ್ಧ ಮೊಕದ್ದಮೆಯೇ ನಿದರ್ಶನ.

1951ರ ಮೇ 29ರ ರಾತ್ರಿ ಮುಂಬಯಿಯ ಕೊಲಾಬಾದಲ್ಲಿ ಒಂದು ಜೀಪು ಮೂವರಿಗೆ ಬಡಿಯಿತು. ಜೀಪು ನಡೆಸುತ್ತಿದ್ದವರು ಅಂದು ಹಂಗಾಮಿ ಪ್ರಾದೇಶಿಕ ಸಾರಿಗೆ ಅಧಿಕಾರಿಯಾಗಿದ್ದರು. ವೈದ್ಯಕೀಯ ಪರೀಕ್ಷೆಯಲ್ಲಿ ಉಸಿರಿಗೆ ಮದ್ಯದ ವಾಸನೆಯಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು, ನೇರ ಗೆರೆಯ ಮೇಲೆ ನಡೆಯಬಲ್ಲವರಾಗಿದ್ದರು. ಯಾವುದೋ ರೂಪದಲ್ಲಿ ಮದ್ಯಸಾರ ಸೇವಿಸಿದ್ದರೂ ಅದರ ಅಮಲಿನಲ್ಲಿದ್ದಂತೆ ಕಾಣಲಿಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟರು. ಹೊರಿಸಲಾದ ಆರೋಪಗಳು ಗಾಯಗೊಳಿಸಿದ ಬಗ್ಗೆ ದಂಡ ಸಂಹಿತೆಯ ಕಲಮುಗಳು ಮತ್ತು ಪಾನನಿರೋಧ ಕಾಯಿದೆಯ 66ನೆಯ ಕಲಮು. ತಾವು ಸೇವಿಸಿದ್ದು ಮದ್ಯಸಾರವುಳ್ಳ ಔಷಧವೆಂಬುದು ಆರೋಪಿಯ ವಾದ. ಆ ಘಟನೆಗೆ ನಾಲ್ಕೇ ದಿನ ಮೊದಲು, ಮೇ 25ರಂದು, ಬಲ್ಸಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮದ್ಯಸಾರವುಳ್ಳ ಔಷಧಿ ಮತ್ತು ಪ್ರಸಾಧನ ಸಾಮಗ್ರಿಗಳ ಮಟ್ಟಿಗೆ ಆ ಕಾಯಿದೆಯ ನಿಷೇಧವನ್ನು ಅನೂರ್ಜಿತಗೊಳಿಸಿತ್ತು. ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆ ಮಾಡಿದರು. ಉಚ್ಚ ನ್ಯಾಯಾಲಯವು ಪಾನನಿರೋಧದ ಆರೋಪದಲ್ಲಿ ಶಿಕ್ಷೆ ವಿಧಿಸಿತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಪಡಿಸಿತು. ನಿಷೇಧಿತ ಮದ್ಯವನ್ನೇ ಸೇವಿಸಿದ್ದನೆಂದು ತೋರಿಸುವ ಹೊಣೆ ಫಿರ್ಯಾದಿ ಪಕ್ಷದ್ದು, ಬರಿಯ ವಾಸನೆ ಅದಕ್ಕೆ ಸಾಲದು ಎಂಬುದು ಅದರ ತಾತ್ಪರ್ಯ.

ಈ ಮೊಕದ್ದಮೆಯ ಸಂವಿಧಾನಾತ್ಮಕ ಮಹತ್ವವನ್ನು ನ್ಯಾಯಶಾಸ್ತ್ರಜ್ಞರು ಚರ್ಚಿಸಿದ್ದಾರೆ. ನಮಗೆ ಬೇಕಾದುದು ಬೇರೊಂದು ಅಂಶ. ಮದ್ಯಸೇವನೆ ಮತ್ತು ರಸ್ತೆ ಅಪಘಾತಗಳೆರಡೂ ಇರುವ ಈ ಪ್ರಕರಣವನ್ನು 117ನೆಯ ಕಲಮಿನ ಪಟ್ಟಿಯಲ್ಲಿ ಹುಡುಕಿದವನಿಗೆ ಅದು ದೊರೆಯುವುದೇ ಇಲ್ಲ. ಪಾನನಿರೋಧದ ಕಾಲದ ಮುಂಬಯಿ, ಧಾರವಾಡ, ಬೆಳಗಾವಿಗಳ ಚಾಲಕರನ್ನು ಕುರಿತು ಅಧ್ಯಯನ ಮಾಡುವವರು ಪಾನನಿರೋಧದ ಪ್ರಕರಣಗಳ ರಿಜಿಸ್ಟರನ್ನೂ ನೋಡದೆ ಯಾವ ಸಂಖ್ಯೆಯನ್ನೂ ಹೇಳಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಸರ್ಕಾರವು ಈ ತೀರ್ಪಿಗೆ ಉತ್ತರವನ್ನು 1959ರಲ್ಲಿ ಕೊಟ್ಟಿತು. ತಿದ್ದುಪಡಿಯಾದ ಕಾಯಿದೆಯು ರಕ್ತದಲ್ಲಿ ಶೇಕಡಾ 0.05ಕ್ಕೆ ಕಡಿಮೆಯಿಲ್ಲದಷ್ಟು ಮದ್ಯಸಾರ ಕಂಡುಬಂದರೆ ಅದು ಔಷಧದಿಂದ ಬಂದುದೆಂದು ತೋರಿಸುವ ಹೊಣೆಯನ್ನು ಆರೋಪಿಗೆ ವರ್ಗಾಯಿಸಿತು. ಅದೇ ವರ್ಷದ ವೈದ್ಯಕೀಯ ಪರೀಕ್ಷೆ ಮತ್ತು ರಕ್ತಪರೀಕ್ಷೆಯ ನಿಯಮಗಳು ಪೊಲೀಸರ ಪತ್ರ, ವೈದ್ಯರ ಪ್ರಮಾಣಪತ್ರ, ಪ್ರಯೋಗಶಾಲೆಯ ವರದಿ ಇವುಗಳಿಗೆ ನಿಗದಿತ ನಮೂನೆಗಳನ್ನು ತಂದವು. ಒಂದು ತೀರ್ಪಿನ ಸೋಲು ಒಂದು ಹೊಸ ಬಗೆಯ ದಾಖಲೆಯನ್ನು ಹುಟ್ಟಿಸಿತೆಂದು ಹೇಳಬಹುದು. ಆದರೆ ಆ ಹೊತ್ತಿಗೆ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. 1956ಕ್ಕೆ ಮುಂಚಿನ ಮುಂಬಯಿ ಕಾಯಿದೆ ಅಲ್ಲಿ ಮುಂದುವರಿಯಿತಾದರೂ ಮುಂಬಯಿ ಶಾಸನಸಭೆ ಅನಂತರ ಮಾಡಿದ ತಿದ್ದುಪಡಿ ತಾನಾಗಿ ಅನ್ವಯಿಸುವಂತಿರಲಿಲ್ಲ. ಆದಕಾರಣ 1959ರ ನಮೂನೆಗಳನ್ನು ಧಾರವಾಡದ ಕಡತಗಳಲ್ಲಿ ನಿರೀಕ್ಷಿಸಬಾರದು.

4. ಕಾಗದಗಳು ಹುಟ್ಟುವ ಕ್ರಮ

ದಾಖಲೆಯನ್ನು ಕೇಳುವ ಮೊದಲು ಅದು ಹುಟ್ಟುವ ಹಾದಿಯನ್ನು ತಿಳಿಯಬೇಕು. ಅಪಘಾತವಾಗಿದ್ದರೆ ಸಾಮಾನ್ಯವಾಗಿ ಪ್ರಥಮ ವರ್ತಮಾನ ವರದಿ ಇರುತ್ತದೆ. ಅಪಘಾತವಿಲ್ಲದೆ ತಪಾಸಣೆಯಲ್ಲಿ ಮಾತ್ರ ಸಿಕ್ಕಿಬಿದ್ದ ಚಾಲಕನ ಪ್ರಕರಣವು ಅನೇಕ ವೇಳೆ ಲಘು ಪ್ರಕರಣವಾಗಿ ನೇರವಾಗಿ ನ್ಯಾಯಾಲಯಕ್ಕೆ ಹೋಗುತ್ತದೆ. ಅಂತಹ ಸಂದರ್ಭದಲ್ಲಿ ಪ್ರಥಮ ವರ್ತಮಾನ ವರದಿಯನ್ನೇ ಹೆಸರಿಸಿ ಕೇಳಿದರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ, ಕೇಳಿದ್ದು ಮಾತ್ರ ತಪ್ಪು ಕಾಗದ.

ದಸ್ತಗಿರಿಯ ಕಾಗದಗಳಲ್ಲಿ ಕಾಲಭೇದವನ್ನು ಗಮನಿಸಬೇಕು. 1996ರ ಡಿಸೆಂಬರಿನಲ್ಲಿ ಡಿ. ಕೆ. ಬಸು ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿಯ ರುಜುವೂ ಬಂಧಿತನ ರುಜುವೂ ಉಳ್ಳ ದಸ್ತಗಿರಿ ಮೆಮೊ ತಯಾರಾಗಬೇಕೆಂದು ಆದೇಶಿಸಿತು. ಅದಕ್ಕೆ ಹಿಂದಿನ ಪ್ರಕರಣಗಳಲ್ಲಿ ದಸ್ತಗಿರಿಯ ಸಮಯ, ಸ್ಥಳಗಳನ್ನು ಠಾಣಾ ದಿನಚರಿಯಿಂದ ಮತ್ತು ದಸ್ತಗಿರಿ ರಿಜಿಸ್ಟರಿನಿಂದ ತಿಳಿಯಬೇಕು. 1988ರ ಕಾಯಿದೆಯ 202ನೆಯ ಕಲಮು 185ರ ಅಡಿಯಲ್ಲಿ ಹಿಡಿಯಲ್ಪಟ್ಟವನನ್ನು ಎರಡು ಗಂಟೆಗಳೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕೆಂದು ವಿಧಿಸುತ್ತದೆ. ಆದುದರಿಂದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದ ವೇಳೆಯನ್ನು ಠಾಣೆಯಲ್ಲಿ ಬರೆದ ವೇಳೆಯೊಡನೆ ಹೋಲಿಸಿದರೆ ಕಾನೂನು ಪಾಲನೆಯಾಯಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಆ್ಯಕ್ಸಿಡೆಂಟ್ ರಿಜಿಸ್ಟರ್ ಎಂದೇ ಹೆಸರು.

ನ್ಯಾಯಾಲಯದ ಹಂತದಲ್ಲಿ ಒಂದು ಸಂಗತಿ ಸಂಶೋಧಕನಿಗೆ ಅನುಕೂಲವಾಗಿದೆ. ಅನೇಕ ಸಂಚಾರ ಅಪರಾಧಗಳನ್ನು ಸ್ಥಳದಲ್ಲೇ ದಂಡ ವಸೂಲು ಮಾಡಿ ರಾಜಿ ಮಾಡಿಕೊಳ್ಳಲು 200ನೆಯ ಕಲಮು ಅವಕಾಶ ಕೊಟ್ಟಿದ್ದರೂ ಆ ಪಟ್ಟಿಯಲ್ಲಿ 185 ಸೇರಿಲ್ಲ. ಕುಡಿದು ವಾಹನ ನಡೆಸಿದ ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು, ಆದುದರಿಂದ ಅಲ್ಲೊಂದು ದಾಖಲೆ ಇರಲೇಬೇಕು. ಸಂಕ್ಷಿಪ್ತ ವಿಚಾರಣೆ ನಡೆದಿದ್ದರೆ ಆ ದಾಖಲೆಯಲ್ಲಿ ಇರಬೇಕಾದ ಅಂಶಗಳನ್ನು 1973ರ ದಂಡ ಪ್ರಕ್ರಿಯಾ ಸಂಹಿತೆಯ 263ನೆಯ ಕಲಮು ಎಣಿಸಿ ಹೇಳಿತ್ತು. ಕ್ರಮಸಂಖ್ಯೆ, ಅಪರಾಧ ನಡೆದ ದಿನ, ವರದಿಯ ದಿನ, ಫಿರ್ಯಾದಿಯ ಹೆಸರು, ಆರೋಪಿಯ ಹೆಸರು, ತಂದೆತಾಯಿಗಳ ವಿವರ, ವಾಸಸ್ಥಳ, ಆರೋಪಿಸಿದ ಮತ್ತು ರುಜುವಾತಾದ ಅಪರಾಧ, ಆರೋಪಿಯ ಹೇಳಿಕೆ, ನಿರ್ಣಯ, ಶಿಕ್ಷೆ, ಮುಕ್ತಾಯದ ದಿನ ಇವು ಮುಖ್ಯವಾದವು. 1898ರ ಸಂಹಿತೆಯಲ್ಲಿಯೂ ಇದೇ ಮಾದರಿಯ ವಿಧಿಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 286ನೆಯ ಕಲಮಾಗಿದೆ. ಒಂದೇ ಸಾಲಿನಲ್ಲಿ ಅಡಗಿರುವ ಈ ವಿವರಗಳು ಶತಮಾನಕ್ಕೂ ಮಿಕ್ಕ ಕಾಲ ಹೆಚ್ಚು ಕಡಿಮೆ ಒಂದೇ ಅಚ್ಚಿನಲ್ಲಿ ಬಂದಿರುವುದರಿಂದ ದೀರ್ಘಾವಧಿಯ ಹೋಲಿಕೆಗೆ ಒದಗುವಂತಹ ಆಕರವಾಗಿವೆ.

5. ಎಲ್ಲಿ ಹುಡುಕಬೇಕು

1956ಕ್ಕೆ ಮುಂಚಿನ ಪ್ರಕರಣಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಆ ಊರು ಯಾವ ಆಡಳಿತಕ್ಕೆ ಸೇರಿತ್ತೆಂಬುದು. ಧಾರವಾಡದ ಮೊಕದ್ದಮೆ ಮೇಲ್ಮನವಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೂ, ಮಂಗಳೂರಿನದು ಮದರಾಸಿಗೂ, ಗುಲಬರ್ಗಾ, ರಾಯಚೂರು, ಬೀದರಗಳದು ಹೈದರಾಬಾದಿಗೂ ಹೋಗುತ್ತಿದ್ದವು. ಬಳ್ಳಾರಿಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆಡಳಿತದ ಕಡತಗಳು, ಅಂದರೆ ಪಾನನಿರೋಧದ ಜಾರಿ, ಪೊಲೀಸ್ ವರದಿ, ಶಿಕ್ಷೆ ಮನ್ನಾ ಮಾಡುವ ಅರ್ಜಿ ಮುಂತಾದವು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಹೈದರಾಬಾದು ತಾರ್ನಾಕದ ತೆಲಂಗಾಣ ರಾಜ್ಯ ಪತ್ರಾಗಾರಗಳಲ್ಲಿ ಹುಡುಕತಕ್ಕವು. ಬೆಂಗಳೂರು ದಂಡುಪ್ರದೇಶವು 1947ರ ಜುಲೈವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದುದರಿಂದ ಅದರ ಕುರಿತ ಪತ್ರಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ರೆಸಿಡೆನ್ಸಿ ಸಂಗ್ರಹವನ್ನು ನೋಡಬೇಕು.

ಇದಕ್ಕೆ ವಿರುದ್ಧವಾಗಿ ವಿಚಾರಣಾ ನ್ಯಾಯಾಲಯದ ಮೂಲ ಕಡತ ಜಿಲ್ಲೆಯಲ್ಲಿಯೇ ಇರುತ್ತದೆ. ಆದರೆ ಯಾವ ಕಚೇರಿಯಲ್ಲಿ? ನ್ಯಾಯಾಂಗ ಮತ್ತು ಕಾರ್ಯಾಂಗಗಳು ಬೇರ್ಪಡುವ ಮೊದಲು ಸಣ್ಣ ಅಪರಾಧಗಳನ್ನು ವಿಚಾರಿಸುತ್ತಿದ್ದವರಲ್ಲಿ ಮಾಮಲೇದಾರರೂ ತಹಸೀಲ್ದಾರರೂ ಇದ್ದರು. ಮುಂಬಯಿ ರಾಜ್ಯದಲ್ಲಿ ಈ ಬೇರ್ಪಡೆಗೆ ಕಾಯಿದೆ ಬಂದುದು 1951ರಲ್ಲಿ. ಅದಕ್ಕೆ ಹಿಂದಿನ ರಿಜಿಸ್ಟರು ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ಇಲ್ಲವೆಂದಾದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಅದು ನಾಶವಾಯಿತೆಂದು ತೀರ್ಮಾನಿಸಬೇಕು. ನಗರಗಳಲ್ಲಿ ನ್ಯಾಯಾಲಯದ ಹೆಸರೇ ಬದಲಾಗಿದೆ. ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರು 1974ರಿಂದ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟರಾದರು. 2024ರ ಹೊಸ ಸಂಹಿತೆಯಲ್ಲಿ ಆ ಹೆಸರೂ ಇಲ್ಲ.

ದಾಖಲೆಯ ಭಾಷೆಯೂ ಪ್ರಾಂತಕ್ಕೆ ತಕ್ಕಂತೆ ಬೇರೆ. ಮುಂಬಯಿ ಕರ್ನಾಟಕದ ಕಡತದ 'ಪಂಚನಾಮೆ'ಯೇ ಮೈಸೂರು, ಮದರಾಸು ಕಡತಗಳ 'ಮಹಜರು'. ಹೈದರಾಬಾದು ಸಂಸ್ಥಾನದ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಉರ್ದು ವ್ಯವಹಾರಭಾಷೆಯಾಗಿತ್ತಾದುದರಿಂದ ಕಲ್ಯಾಣ ಕರ್ನಾಟಕದ ಈ ಬಗೆಯ ಚರಿತ್ರೆಯನ್ನು ಉರ್ದು ಬಲ್ಲವರ ನೆರವಿಲ್ಲದೆ ಬರೆಯುವಂತಿಲ್ಲ.

ಮೂಲ ಕಡತ ನಾಶವಾಗಿದ್ದಾಗ ಎರಡು ಬದಲಿ ದಾರಿಗಳಿವೆ. ಒಂದು, ಮುದ್ರಿತ ಕಾನೂನು ವರದಿಗಳು. ಉಚ್ಚ ನ್ಯಾಯಾಲಯದ ತೀರ್ಪಿನ ಆರಂಭದ ಪರಿಚ್ಛೇದಗಳಲ್ಲಿ ಕೆಳಗಿನ ನ್ಯಾಯಾಲಯದ ಸಾಕ್ಷ್ಯದ ಸಾರಾಂಶವಿರುತ್ತದೆ. ಇನ್ನೊಂದು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಡತ. ಗಾಯಾಳು ಅಥವಾ ಮೃತನ ಕುಟುಂಬ ಪರಿಹಾರ ಕೇಳಿದ್ದರೆ ಪ್ರಥಮ ವರ್ತಮಾನ ವರದಿ, ಮಹಜರು, ವೈದ್ಯಕೀಯ ಪತ್ರಗಳ ನಕಲುಗಳು ಅಲ್ಲಿ ಗುರುತು ಪಡೆದು ಉಳಿದಿರುತ್ತವೆ. ಅಪರಾಧದ ಕಡತದಲ್ಲಿ ಕೇಳದ ವಿಧವೆಯ ಮಾತು ಕೇಳಿಸುವುದೂ ಅಲ್ಲಿಯೇ.

6. ಕೇಳುವ ಕ್ರಮ

ನಮ್ಮ ಅನುಭವದ ಒಂದು ಸಂಗತಿಯನ್ನು ಹೇಳುವುದು ಅನುಚಿತವಾಗಲಾರದು. ಒಂದು ಜಿಲ್ಲಾ ನ್ಯಾಯಾಲಯಕ್ಕೆ 'ಕುಡಿದು ವಾಹನ ನಡೆಸಿದ ಹಳೆಯ ಪ್ರಕರಣಗಳ ಕಡತಗಳನ್ನು ನೋಡಲು ಅನುಮತಿ ಬೇಕು' ಎಂದು ನಾವು ಬರೆದೆವು. ಅಂತಹ ಕಡತಗಳಿಲ್ಲವೆಂಬ ಉತ್ತರ ಬಂದಿತು. ಅನಂತರ ನಾವೇ ಹೋಗಿ ದಾಖಲೆ ಕೊಠಡಿಯ ಹಿರಿಯ ಗುಮಾಸ್ತರೊಡನೆ ಮಾತನಾಡಿದಾಗ ಅವರು, 'ಸ್ವಾಮಿ, ಕಡತ ಯಾವತ್ತೋ ಹೋಯಿತು. ರಿಜಿಸ್ಟರು ಇದೆ, ರಿಜಿಸ್ಟರು ಅಂತ ಬರೆದುಕೊಡಿ' ಎಂದರು. ವರ್ಷವನ್ನೂ ನ್ಯಾಯಾಲಯದ ಅಂದಿನ ಹೆಸರನ್ನೂ ಕಾಣಿಸಿ ಬರೆದ ಎರಡನೆಯ ಅರ್ಜಿಗೆ ಅನುಮತಿ ದೊರೆಯಿತು. ಈ ಲೇಖನದ ಬಹುಭಾಗ ಆ ಹಿರಿಯರ ಒಂದು ಮಾತಿನ ವಿಸ್ತರಣೆಯೆಂದೇ ಹೇಳಬಹುದು.

ನ್ಯಾಯಾಲಯದ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಸರಿಯಾದ ದಾರಿಯಲ್ಲ. 2020ರ ಮಾರ್ಚಿನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಿಕ ದಾಖಲೆಗಳ ನಕಲನ್ನು ಆಯಾ ಉಚ್ಚ ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯಬೇಕೆಂದು ತೀರ್ಪು ಕೊಟ್ಟಿದೆ. ಪ್ರಕರಣದ ಕಕ್ಷಿಗಾರನಲ್ಲದ ಹೊರಗಿನವನಿಗೂ ತೀರ್ಪಿನ ನಕಲು ಕೊಡಲು ನಿಯಮ ರಚಿಸುವ ಅಧಿಕಾರವನ್ನು 1973ರ ಸಂಹಿತೆಯ 363ನೆಯ ಕಲಮು ಉಚ್ಚ ನ್ಯಾಯಾಲಯಗಳಿಗೆ ಕೊಟ್ಟಿತ್ತು. ಅದು ಈಗ 404ನೆಯ ಕಲಮು. ಹೊರಗಿನವನು ತನಗೆ ನಕಲು ಏಕೆ ಬೇಕೆಂಬುದನ್ನು ತಿಳಿಸಬೇಕು, ಕೆಲವೆಡೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ವರ್ಷ, ಮುಕ್ತಾಯದ ದಿನ, ಬೇಕಾದ ಕಾಗದದ ನಿರ್ದಿಷ್ಟ ಹೆಸರು, ಸಂಶೋಧನೆಯ ಉದ್ದೇಶ ಇವಿಷ್ಟೂ ಇರಬೇಕು. ವಿಶ್ವವಿದ್ಯಾಲಯದ ವಿಭಾಗದ ಪರಿಚಯಪತ್ರ ಲಗತ್ತಿಸಿದರೆ ಒಳ್ಳೆಯದು. ಸಂಖ್ಯೆ ತಿಳಿಯದಿದ್ದರೆ, ಇತ್ತೀಚಿನ ಪ್ರಕರಣಗಳ ಮಟ್ಟಿಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿಗಾರರ ಹೆಸರು, ಪ್ರಥಮ ವರ್ತಮಾನ ವರದಿಯ ಸಂಖ್ಯೆ ಅಥವಾ ಕಾಯಿದೆಯ ಹೆಸರಿನಿಂದ ಹುಡುಕಲು ಸಾಧ್ಯವಿದೆ.

ಪೊಲೀಸ್ ಠಾಣೆ, ಸಾರಿಗೆ ಕಚೇರಿ, ಸರ್ಕಾರಿ ಆಸ್ಪತ್ರೆಗಳ ಕಾಗದಗಳಿಗೆ 2005ರ ಮಾಹಿತಿ ಹಕ್ಕು ಕಾಯಿದೆ ಅನ್ವಯಿಸುತ್ತದೆ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಲು 8ನೆಯ ಕಲಮಿನಲ್ಲಿ ಅವಕಾಶವಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಆ ವಿನಾಯಿತಿಯನ್ನು ಇನ್ನಷ್ಟು ಬಿಗಿಗೊಳಿಸುವ ತಿದ್ದುಪಡಿಯನ್ನು ತಂದಿದೆ. ಆದರೆ ಅದೇ 8ನೆಯ ಕಲಮಿನ 3ನೆಯ ಉಪಕಲಮು ಇತಿಹಾಸದ ವಿದ್ಯಾರ್ಥಿಗೆ ಬಹಳ ಉಪಯುಕ್ತವಾದುದು. ಅರ್ಜಿಯ ದಿನಕ್ಕೆ ಇಪ್ಪತ್ತು ವರ್ಷ ಹಿಂದೆ ನಡೆದ ಘಟನೆಯ ಮಾಹಿತಿಗೆ, ದೇಶದ ಭದ್ರತೆ, ಶಾಸನಸಭೆಯ ಹಕ್ಕುಬಾಧ್ಯತೆ, ಸಚಿವ ಸಂಪುಟದ ಕಾಗದ ಇವುಗಳ ಹೊರತು ಬೇರೆ ವಿನಾಯಿತಿ ಅಡ್ಡಬರುವುದಿಲ್ಲ. ಈ ಉಪಕಲಮನ್ನು ಅರ್ಜಿಯಲ್ಲಿಯೇ ಉಲ್ಲೇಖಿಸುವುದು ಲೇಸು. ಇತ್ತೀಚಿನ ಪ್ರಥಮ ವರ್ತಮಾನ ವರದಿಗಳಿಗಾದರೆ ಅರ್ಜಿಯೇ ಬೇಕಾಗದಿರಬಹುದು. ಸೂಕ್ಷ್ಮ ಪ್ರಕರಣಗಳ ಹೊರತು ಉಳಿದವನ್ನು ಪೊಲೀಸ್ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ.

7. ಓದುವಾಗಿನ ಎಚ್ಚರ

ದಾಖಲೆ ಕೈಗೆ ಬಂದ ಮೇಲೆ ಅದು ಏನನ್ನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ದಸ್ತಗಿರಿ ಅಪರಾಧದ ರುಜುವಾತಲ್ಲ. ಠಾಣೆಯ ರಿಜಿಸ್ಟರನ್ನು ಮಾತ್ರ ನೋಡಿ ನ್ಯಾಯಾಲಯದ ರಿಜಿಸ್ಟರನ್ನು ನೋಡದವನು ಖುಲಾಸೆಯಾದವರನ್ನೂ ಕುಡುಕರ ಪಟ್ಟಿಗೆ ಸೇರಿಸಿಬಿಡುತ್ತಾನೆ. ತಪ್ಪೊಪ್ಪಿಗೆಯನ್ನೂ ಹಾಗೆಯೇ ಎಚ್ಚರಿಕೆಯಿಂದ ಓದಬೇಕು. ದಿನಗೂಲಿಯ ಚಾಲಕನಿಗೆ ನಾಲ್ಕು ವಾಯಿದೆಗಳಿಗೆ ಅಲೆಯುವುದಕ್ಕಿಂತ ಒಪ್ಪಿಕೊಂಡು ದಂಡ ಕಟ್ಟುವುದು ಅಗ್ಗವಾಗಿ ಕಂಡಿರಬಹುದು. ಪಾನನಿರೋಧದ ಮುಂಬಯಿಯಲ್ಲಿ ಪರವಾನಗಿ ಪಡೆದು ಕುಡಿಯುವವರ ಒಂದು ವರ್ಗವಿತ್ತು. ಅವರ ಮದ್ಯಸೇವನೆ 66ನೆಯ ಕಲಮಿಗೆ ಸಿಗುತ್ತಿರಲಿಲ್ಲ. ಆದುದರಿಂದ ಆ ರಿಜಿಸ್ಟರಿನಲ್ಲಿ ಕಾಣುವುದು ನಗರದ ಕುಡಿತವಲ್ಲ, ಪರವಾನಗಿಯಿಲ್ಲದವರ ಕುಡಿತ. ವಾಸಸ್ಥಳದ ಕಾಲಂ ಇದ್ದರೂ ಹುಟ್ಟೂರಿನ ಕಾಲಂ ಇಲ್ಲ. ಮುಂಬಯಿಯ ರಿಜಿಸ್ಟರಿನಲ್ಲಿ ಕನ್ನಡಿಗರೆನ್ನಿಸುವ ಹೆಸರುಗಳನ್ನು ಎಣಿಸಿ ಸಿದ್ಧಾಂತ ಕಟ್ಟುವುದು ತರವಲ್ಲ.

ಹೆಸರುಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 2017ರಲ್ಲಿ ಪುಟ್ಟಸ್ವಾಮಿ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಾಪಿತವಾಗಿದೆ. ಕಾನೂನು ಅನುಮತಿಸಿದರೂ, ಹತ್ತು ರೂಪಾಯಿ ದಂಡ ತೆತ್ತ ಚಾಲಕನ ಹೆಸರನ್ನು ಅವನ ಮೊಮ್ಮಕ್ಕಳು ಓದುವಂತೆ ಅಚ್ಚು ಮಾಡುವುದರಿಂದ ಜ್ಞಾನಕ್ಕೆ ಯಾವ ಲಾಭವೂ ಇಲ್ಲ. ಮುದ್ರಿತ ಕಾನೂನು ವರದಿಯಲ್ಲಿ ಬಂದಿರುವ ಹೆಸರುಗಳ ಹೊರತು ಉಳಿದವನ್ನು ಸಂಕೇತಾಕ್ಷರಗಳಿಂದ ಸೂಚಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

8. ಸಮಾರೋಪ

1917ರ ದಾಖಲೆಗಳ ನಾಶ ಕಾಯಿದೆಯು ನಿರುಪಯುಕ್ತ ದಾಖಲೆಗಳನ್ನು ನಾಶಪಡಿಸುವ ನಿಯಮಗಳನ್ನು ರಚಿಸಲು ಉಚ್ಚ ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿತು. ಕಡತಗಳನ್ನು ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಅವಧಿ ನಿಗದಿಮಾಡುವುದು ರೂಢಿ. ಕೊಲೆಯ ಕಡತ ದೀರ್ಘಕಾಲ ಉಳಿಯುತ್ತದೆ, ದಂಡದಲ್ಲಿ ಮುಗಿದ ಪ್ರಕರಣ ಕೆಲವೇ ವರ್ಷಗಳಲ್ಲಿ ಹೋಗುತ್ತದೆ. ದಾಖಲೆ ಕೊಠಡಿಗಳ ಸ್ಥಳಾಭಾವವನ್ನು ಕಂಡವರು ಇದನ್ನು ದೂರುವಂತಿಲ್ಲ. ಆದರೆ ನಾಶದ ಪಟ್ಟಿ ಸಿದ್ಧವಾಗುವ ಮೊದಲು ಸಂಕ್ಷಿಪ್ತ ವಿಚಾರಣೆಯ ರಿಜಿಸ್ಟರುಗಳನ್ನಾದರೂ ರಾಜ್ಯ ಪತ್ರಾಗಾರಗಳಿಗೆ ಒಪ್ಪಿಸುವಂತೆ, ಅಥವಾ ಛಾಯಾಪ್ರತಿ ತೆಗೆಯಲು ಅವಕಾಶ ಕೊಡುವಂತೆ, ವಿಶ್ವವಿದ್ಯಾಲಯಗಳ ವಿಭಾಗಗಳು ಜಿಲ್ಲಾ ನ್ಯಾಯಾಧೀಶರಲ್ಲಿ ವಿನಂತಿಸಿಕೊಳ್ಳಬಹುದಾಗಿದೆ.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರು ತಮ್ಮ ತಮ್ಮ ನಗರದಲ್ಲಿ ಒಂದು ನ್ಯಾಯಾಲಯ, ಒಂದು ದಶಕ, ಒಂದು ರಿಜಿಸ್ಟರು ಎಂಬಷ್ಟು ಸಣ್ಣ ಮಿತಿಯನ್ನು ಹಾಕಿಕೊಂಡು ಕೆಲಸ ಆರಂಭಿಸಿದರೂ, ಕೆಲವು ವರ್ಷಗಳಲ್ಲಿ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡಿನ ರಸ್ತೆಯ ಮತ್ತು ಕುಡಿತದ ಚರಿತ್ರೆಯನ್ನು ಒಂದೆಡೆ ಕೂಡಿಸಿ ನೋಡಲು ಸಾಧ್ಯವಾದೀತು. ಕಡತಗಳ ಮಟ್ಟಿಗೆ ನಾವು ಬಹುಶಃ ತಡಮಾಡಿದ್ದೇವೆ. ರಿಜಿಸ್ಟರುಗಳ ಮಟ್ಟಿಗೆ ಇನ್ನೂ ಕಾಲ ಮಿಂಚಿಲ್ಲ.